ಬಿಳಿ ಬಟ್ಟೆಯ ಕೆಳಗಿನ ದ್ರಾಕ್ಷಾರಸ

ಬೋಧಕರ ಪಕ್ಕದಲ್ಲಿ ನಿಂತು ಅನುವಾದ ಮಾಡುವವರು ಅವರ ಬಾಯಿ ನೋಡಬಾರದು, ಭುಜ ನೋಡಬೇಕು. ಸಭೆ ಶುರುವಾದಾಗ ಎಲ್ಲ ಬೋಧಕರೂ ಒಂದು ವಾಕ್ಯ ಹೇಳಿ ಮರ್ಯಾದೆಯಿಂದ ನಿಲ್ಲುತ್ತಾರೆ. ಕಾವು ಏರಿದ ಮೇಲೆ ಯಾರೂ ನಿಲ್ಲುವುದಿಲ್ಲ. ಆಗ ಅವರು ಉಸಿರೆಳೆಯಲು ಭುಜ ಏರಿಸುವ ಗಳಿಗೆಯಷ್ಟೇ ನಮಗೆ ಸಿಗುವ ಸಂದು, ಅಷ್ಟರಲ್ಲಿ ಕನ್ನಡ ತೆಲುಗಾಗಿ ಜನರ ಕಿವಿ ಮುಟ್ಟಬೇಕು. ಅರ್ಧ ಹೆಜ್ಜೆ ಹಿಂದೆ, ಎಡಗಡೆ ನಿಲ್ಲಬೇಕು. ಅವರು ದನಿ ಏರಿಸಿದರೆ ನಾವೂ ಏರಿಸಬೇಕು, ಕೈ ಎತ್ತಿದರೆ ನಾವೂ ಎತ್ತಬೇಕು, ಅತ್ತರೆ ಮಾತ್ರ ಅಳಬಾರದು. ಏನನ್ನೂ ಸೇರಿಸಬಾರದು, ಏನನ್ನೂ ಬಿಡಬಾರದು. ಹೇಳಿದ್ದನ್ನು ನಂಬಬೇಕೆಂಬ ನಿಯಮವೊಂದಿಲ್ಲ. ಇದ್ದಿದ್ದರೆ ಆ ವರ್ಷ ನಾನು ಈ ಕೆಲಸಕ್ಕೆ ಲಾಯಕ್ಕಿರಲಿಲ್ಲ.

ನಾನು ಬೆಟಗೇರಿಯ ಮಗಳು, ವಿಜಯವಾಡದ ಪಟಮಟದ ಸೊಸೆ. ಕನ್ನಡ ತವರಿನದು, ತೆಲುಗು ಅತ್ತೆಮನೆಯದು, ಅನುವಾದಕ್ಕೆ ನನ್ನ ಬಂಡವಾಳ ಅಷ್ಟೇ. ನನ್ನ ಯಜಮಾನರು ಬಹಳ ವರ್ಷ ಸಕ್ಕರೆ ಕಾಯಿಲೆಯಲ್ಲಿ ನರಳಿ ಹಿಂದಿನ ವರ್ಷ ತೀರಿಕೊಂಡಿದ್ದರು. ಅವರು ಐಸಿಯು ಒಳಗಿದ್ದಾಗ ಹೊರಗೆ ಸಾಲಾಗಿ ಜೋಡಿಸಿದ್ದ ಸ್ಟೀಲ್ ಕುರ್ಚಿಗಳಲ್ಲಿ ನಾನು ಕೂತಿರುತ್ತಿದ್ದೆ. ಚರ್ಚಿನ ಸಭೆಯವರು ಬಂದರು, ನೆಂಟರು ಬಂದರು, ಎಲ್ಲರೂ ಒಂದೇ ಮಾತು ಹೇಳಿದರು: "ದೇವುಡು ನೀತೋ ಉನ್ನಾಡಮ್ಮಾ." ದೇವರು ನಿನ್ನ ಸಂಗಡ ಇದ್ದಾನೆ ಅಂತ. ಹೇಳಿ, ಗಡಿಯಾರ ನೋಡಿಕೊಂಡು ಹೋದರು. ನನ್ನ ಪಕ್ಕದ ಕುರ್ಚಿ ಮಾತ್ರ ಖಾಲಿಯಾಗಿಯೇ ಇರುತ್ತಿತ್ತು. ಅಲ್ಲಿಂದ ಮುಂದೆ ಆ ಮಾತು ಕಿವಿಗೆ ಬಿದ್ದರೆ ನಾನು ತರಕಾರಿಯವನ ತಕ್ಕಡಿ ನೋಡುವ ಕಣ್ಣಿನಿಂದ ಹೇಳಿದವರ ಮುಖ ನೋಡುತ್ತಿದ್ದೆ.

ಅಂಥ ಹೊತ್ತಿನಲ್ಲಿ ವಿಶಾಖಪಟ್ಟಣದ ಪಕ್ಕದ ಗಾಜುವಾಕದಿಂದ ಫೋನು ಬಂತು. ಮಾಡಿದವರು ಅಲ್ಲಿನ ಒಂದು ತೆಲುಗು ಸಭೆಯ ಹಿರಿಯರು, ಊರು ಹುಬ್ಬಳ್ಳಿ ಕಡೆ, ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಧಾರವಾಡದ ಕಡೆಯಿಂದ ಒಬ್ಬ ಪಾಸ್ಟರರನ್ನು ಕರೆಸುತ್ತಿದ್ದರು. ವಿಜಯವಾಡದಲ್ಲಿ ಎರಡು ಸಂಜೆ ಕೂಟ, ಆಮೇಲೆ ಗಾಜುವಾಕದಲ್ಲಿ ಒಂದು ಉಪವಾಸ ಪ್ರಾರ್ಥನೆ. ಪಾಸ್ಟರರಿಗೆ ತೆಲುಗು ಬರುವುದಿಲ್ಲ.

"ವಿಷಯ ಏನ್ರಿ?" ಎಂದು ಕೇಳಿದೆ.

"ಕಷ್ಟದಾಗ ದೇವರ ಪ್ರಸನ್ನತಾ ಅಂತಂಡಿ, ಅಕ್ಕಾರ," ಎಂದರು. ಅವರ ಕನ್ನಡಕ್ಕೆ ತೆಲುಗಿನ ಬಾಲ ಅಂಟಿಕೊಂಡು ವರ್ಷಗಳೇ ಆಗಿದ್ದವು.

ದೇವರು ಸಂಗಡ ಇರುವುದಕ್ಕೆ ಸಭೆಯವರ ಮಾತು ಪ್ರಸನ್ನತೆ. ನನಗೆ ನಗು ಬಂತು. ಬೇಡ ಎನ್ನಬೇಕೆಂದಿದ್ದವಳು ಹೂಂ ಎಂದೆ. ಆ ಮಾತನ್ನು ಕಸುಬು ಮಾಡಿಕೊಂಡವರನ್ನು ಹತ್ತಿರದಿಂದ ನೋಡಿಬಿಡೋಣ ಅನಿಸಿತು.

ಪಾಸ್ಟರು ತೆಳ್ಳಗಿನ ಮನುಷ್ಯ, ಮೆತ್ತಗಿನ ದನಿ, ಮೈಕು ಸಿಕ್ಕರೆ ಬೇರೆಯೇ ಆಳು. ಅವರ ವಾಕ್ಯಗಳು ಚಿಕ್ಕವು, ನನಗೆ ಕೆಲಸ ಸಲೀಸು. ಅವರ ಪ್ರಸನ್ನತೆ ನನ್ನ ಬಾಯಲ್ಲಿ ತೆಲುಗಿನ ಸನ್ನಿಧಿಯಾಗುತ್ತಿತ್ತು. ಅವರ ಧಾರವಾಡದ ತಮಾಷೆಗಳು ಮಾತ್ರ ಅರ್ಧ ದಾರಿಯಲ್ಲೇ ಸತ್ತುಹೋಗುತ್ತಿದ್ದವು, ಜನ ನಗದೆ ನನ್ನನ್ನೇ ಪಾಪ ಎಂಬಂತೆ ನೋಡುತ್ತಿದ್ದರು. ವಿಜಯವಾಡದ ಮೊದಲ ಸಂಜೆ ಕೊನೆಯ ಹಾಡಿನ ಹೊತ್ತಿಗೆ ಅವರು ಕಣ್ಣು ಮುಚ್ಚಿ, ಇಲ್ಲಿ ಯಾರೋ ಒಬ್ಬರು ದೊಡ್ಡ ಭಾರ ಹೊತ್ತು ಬಂದಿದ್ದೀರಿ, ದೇವರು ನಿಮ್ಮನ್ನು ಕಂಡಿದ್ದಾನೆ ಎಂದರು. ಅದನ್ನು ತೆಲುಗಿಗೆ ತಿರುಗಿಸುತ್ತ, ಇಷ್ಟು ಜನರಲ್ಲಿ ಭಾರವಿಲ್ಲದವರು ಯಾರು ಮಹಾರಾಯಾ ಎಂದುಕೊಂಡೆ. ಆಗಲೇ ಮುಂದಿನ ಸಾಲಿನಲ್ಲಿ ಹಳದಿ ಸೀರೆಯ ಹೆಂಗಸೊಬ್ಬಳು ಎದ್ದು ನಿಂತಳು. ಮೈಯೆಲ್ಲ ನಡುಗುತ್ತಿತ್ತು, ಕಣ್ಣೀರು ಸುರಿಯುತ್ತಿತ್ತು. ಹಾಡು ನಿಂತಾಗ ನಡುಕವೂ ನಿಂತಿತು.

ಎರಡನೆಯ ಸಂಜೆಯೂ ಅದೇ ಸಾಲು, ಅದೇ ಸೀರೆ. ಅದೇ ಹಾಡಿಗೆ ಎದ್ದಳು, ನಡುಗಿದಳು, ಹಾಡು ಮುಗಿದಾಗ ಕೂತಳು. ಸುತ್ತಲಿನವರೂ ಅವಳನ್ನು ನೋಡಿ ಎದ್ದರು. ನನ್ನ ಊರಿನ ಕಡೆ ಕಂಪನಿ ನಾಟಕ ನೋಡಿ ಬೆಳೆದವಳು ನಾನು. ಜನರ ನಡುವೆ ಒಬ್ಬನನ್ನು ಕೂರಿಸಿ ಅವನಿಂದ ಮೊದಲ ಚಪ್ಪಾಳೆ ಹೊಡೆಸುವುದು ನನಗೆ ಹೊಸದಲ್ಲ. ಇವಳು ಇವರದೇ ಜನ ಎಂಬ ಅನುಮಾನ ತಲೆಯಲ್ಲಿ ಕೂತಿತು.

ಮರುದಿನ ಬೆಳಿಗ್ಗೆ ವಿಜಯವಾಡ ಸ್ಟೇಷನ್ನಿನಲ್ಲಿ ಆ ಅನುಮಾನಕ್ಕೆ ಕೊಂಬು ಮೂಡಿತು. ನಾನು ನೀರಿನ ಬಾಟಲಿ ತಂದು ತಿರುಗಿದರೆ, ಪ್ಲಾಟ್‌ಫಾರ್ಮಿನ ಕಂಬದ ಮರೆಯಲ್ಲಿ ಪಾಸ್ಟರು ಆ ಹಳದಿ ಸೀರೆಯವಳ ಕೈಗೆ ಪೇಪರಿನಲ್ಲಿ ಸುತ್ತಿದ ಏನನ್ನೋ ಕೊಡುತ್ತಿದ್ದರು. ಅವಳು ಬೇಡ ಬೇಡ ಎಂದಂತೆ ಮಾಡಿ, ಕೊನೆಗೆ ಚೀಲದಲ್ಲಿ ಇಟ್ಟುಕೊಂಡು, ಅದೇ ರೈಲಿನ ಜನರಲ್ ಬೋಗಿಯತ್ತ ಓಡಿದಳು. ವಿಶಾಖಪಟ್ಟಣದ ಕಡೆ ಹೋಗುವ ರೈಲದು. ನಮ್ಮದೇ ರೈಲು.

ರೈಲು ಹೊರಟ ಮೇಲೆ ಸುಮ್ಮನಿರಲಾಗಲಿಲ್ಲ.

"ಆ ಹೆಣ್ಮಗಳು ನಿಮಗ ಗುರ್ತೇನ್ರಿ?"

"ಯಾರು? ಹಾಂ, ಅವರಾ? ಪ್ರಾರ್ಥನಾ ಮಾಡ್ರಿ ಅಂದಂಗಾತು. ಅವರ ಮಾತು ನನಗ ತಿಳೀಲಿಲ್ಲ ನೋಡ್ರಿ."

"ಏನೋ ಕೊಟ್ರಿ?"

"ಬಿಸ್ಕೀಟ್ರಿ. ಭಾಳ ಹಸದಂಗ ಕಂಡ್ರು."

ಇಷ್ಟು ಹೇಳಿ ಅವರು ಕಿಟಕಿಗೆ ತಲೆ ಕೊಟ್ಟು ಕಣ್ಣು ಮುಚ್ಚಿದರು. ಬಿಸ್ಕೀಟಂತೆ! ಬಿಸ್ಕೀಟು ಕೊಡುವುದಕ್ಕೆ ಕಂಬದ ಮರೆ ಯಾಕೆ ಬೇಕು? ಕೇಳಿದ ತಕ್ಷಣ ಸಿಕ್ಕ ಉತ್ತರ, ಅದಕ್ಕೇ ನಂಬಿಕೆ ಬರಲಿಲ್ಲ. ದಾರಿಯುದ್ದಕ್ಕೂ ಅವರ ಮುಚ್ಚಿದ ಕಣ್ಣು ನೋಡುತ್ತಾ, ಪ್ರಾರ್ಥಿಸುತ್ತಿದ್ದಾರೋ ನನ್ನಿಂದ ತಪ್ಪಿಸಿಕೊಳ್ಳುತ್ತಿದ್ದಾರೋ ಎಂದು ಲೆಕ್ಕ ಹಾಕುತ್ತಿದ್ದೆ.

ಗಾಜುವಾಕಕ್ಕೆ ಹತ್ತಿರದ ಸ್ಟೇಷನ್ನು ದುವ್ವಾಡದಲ್ಲಿ ಇಳಿದಾಗ ಹಿರಿಯರು ಕಾರು ತಂದಿದ್ದರು. ಪಾಸ್ಟರು ಸಾಮಾನು ಇಡಿಸುತ್ತಿದ್ದಾಗ ಅವರನ್ನು ಪಕ್ಕಕ್ಕೆ ಕರೆದು ನನ್ನ ಅನುಮಾನ ಹೇಳಿದೆ. ಅವರ ಮುಖ ಸಣ್ಣಗಾಯಿತು.

"ಛೇ ಛೇ, ಏನ್ ಮಾತಂಡಿ ಇದು ಅಕ್ಕಾರ! ದೇವರ ಸೇವಕರನ್ನ ಹಂಗ ಅನಬಾರ್ದು."

"ಅಂದಿಲ್ಲ, ಕೇಳಾಕ್ಹತ್ತೀನಿ. ನಾಳೆ ಆಕಿ ನಿಮ್ಮ ಸಭಾಕ್ಕೂ ಬಂದು ನಡುಗಿದ್ರ ಏನಂತೀರಿ?"

ಅವರು ಕಾರಿನ ಬಾಗಿಲು ತೆರೆದರು. ನಾನು ಆಗಲೇ ತೀರ್ಮಾನಿಸಿದೆ. ನಾಳೆ ಅವಳು ಬಂದರೆ ಒಂದು ಗಳಿಗೆಯೂ ಕಣ್ಣು ತೆಗೆಯಬಾರದು. ಕೂಟ ಮುಗಿದ ಮೇಲೆ ಎಲ್ಲರೆದುರು ನಿಲ್ಲಿಸಿ, ನೀನು ಯಾರಮ್ಮಾ, ಊರೂರಿಗೆ ಯಾಕೆ ಹೋಗುತ್ತೀ ಎಂದು ಕೇಳಿಬಿಡಬೇಕು. ಹಾಗೆ ಕೇಳುವಾಗ ಪಾಸ್ಟರರ ಮುಖ ಹೇಗಾಗಬಹುದು ಎಂದು ನೆನೆದು ಖುಷಿಯೂ ಆಯಿತು.

ಗಾಜುವಾಕದ ಆ ಸಭೆಯ ದೇವಾಲಯ ಆಟೋ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿತ್ತು. ನಾನು ಉಪವಾಸವಿರಲಿಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ಕೂಗಬೇಕಾದ ಗಂಟಲು ಇಡ್ಲಿ ಕೇಳುತ್ತದೆ, ತಿಂದೇ ಹೋಗಿದ್ದೆ. ಹಿಂದಿನ ಅಡುಗೆಕೋಣೆಯಲ್ಲಿ ಹಿರಿಯರ ಹೆಂಡತಿ ಕರ್ತನ ಭೋಜನಕ್ಕೆ, ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿಯ ಜೊತೆ ಹಂಚುವ ದ್ರಾಕ್ಷಾರಸ ಮಾಡುತ್ತಿದ್ದರು. ಒಣದ್ರಾಕ್ಷಿ ಕುದಿಸಿ, ಹಿಂಡಿ, ಸೋಸಿ, ಅದಕ್ಕೆ ಧಾರಾಳವಾಗಿ ಸಕ್ಕರೆ ಸುರಿದರು. ಹೋದ ಸಲ ಹುಳಿಯಾಗಿ ಎಲ್ಲರೂ ಮುಖ ಕಿವುಚಿದ್ದರಂತೆ. ಆಮೇಲೆ ಅದನ್ನು ಬೆರಳಷ್ಟು ಎತ್ತರದ ಪುಟ್ಟ ಲೋಟಗಳಿಗೆ ತುಂಬಿ, ದುಂಡನೆಯ ತಟ್ಟೆಯಲ್ಲಿ ಜೋಡಿಸಿ, ರೊಟ್ಟಿಯ ಜೊತೆ ವೇದಿಕೆಯ ಮುಂದಿನ ಮೇಜಿನ ಮೇಲಿಟ್ಟು ಬಿಳಿ ಬಟ್ಟೆ ಮುಚ್ಚಿದರು. ಅಲ್ಲಿನ ಪದ್ಧತಿಯಲ್ಲಿ ಉಪವಾಸ ಮುರಿಯುವುದು ಆ ಮೇಜಿನಿಂದಲೇ. ಪ್ರಾರ್ಥನೆ ಮುಗಿದು, ಪಾಸ್ಟರು ರೊಟ್ಟಿ ಮುರಿದು, ಲೋಟ ಕೈಗೆ ಬರುವ ತನಕ ಬಾಯಿಗೆ ಏನೂ ಹೋಗಬಾರದು. ಸ್ನಾನದೀಕ್ಷೆ ಪಡೆದು ಸಭೆಗೆ ಸೇರಿದವರಿಗಷ್ಟೇ ಆ ಲೋಟ.

ಹಳದಿ ಸೀರೆಯವಳು ಬಂದಳು. ಸೀರೆ ಈಗ ನೀಲಿ, ಸಾಲು ಮಾತ್ರ ಅದೇ, ಮೊದಲನೆಯದು. ಹಿರಿಯರತ್ತ ನೋಡಿ ಹುಬ್ಬು ಹಾರಿಸಿದೆ. ಅವರು ತಲೆ ತಗ್ಗಿಸಿದರು.

ಅಂದು ನಾನು ಒಂದು ಕಣ್ಣು ಪಾಸ್ಟರರ ಭುಜಕ್ಕೆ, ಇನ್ನೊಂದು ಅವಳಿಗೆ ಕೊಟ್ಟು ಅನುವಾದ ಮಾಡಿದೆ. ಬೇಗ ದಣಿವಾಯಿತು, ಎರಡು ಕಡೆ ವಾಕ್ಯ ತಪ್ಪಿತು, ಒಮ್ಮೆ ಪಾಸ್ಟರು ತಿರುಗಿ ನೋಡಿದರು. ಅವಳು ಮೊದಲು ನೆಟ್ಟಗೆ ಕೂತಿದ್ದಳು. ಆಮೇಲೆ ಪಕ್ಕದವಳ ಭುಜಕ್ಕೆ ವಾಲಿದಳು. ಹೊತ್ತೇರಿದ ಮೇಲೆ ಎಲ್ಲರನ್ನೂ ಎದ್ದು ನಿಂತು ಪ್ರಾರ್ಥಿಸಲು ಹೇಳಿದರು, ಅವಳೂ ಎದ್ದಳು. ನಡುಕ ಶುರುವಾಯಿತು. ಇಗೋ ಬಂತು ಎಂದುಕೊಂಡೆ.

ಹಾಡು ನಿಂತಿತು, ಅವಳ ನಡುಕ ನಿಲ್ಲಲಿಲ್ಲ. ಎಲ್ಲರೂ ಕೂತರು, ಅವಳು ಕೂರಲಿಲ್ಲ. ಪಾಸ್ಟರು ಅವಳನ್ನು ಕಂಡು ಕೈ ಚಾಚಿದರು. ಅವರ ದನಿ ತಾರಕಕ್ಕೇರಿತು.

"ನೋಡಿರಿ! ದೇವರ ಪ್ರಸನ್ನತೆ ಆ ತಾಯಿಯ ಮೇಲೆ ಇಳಿದಿದೆ!"

"ಚೂಡಂಡಿ!" ಎಂದೆ. ನೋಡಿರಿ ಎಂಬ ಆ ಒಂದು ಪದ ಬಾಯಿಂದ ಹೊರಟಿತು, ಮುಂದಿನದು ಹೊರಡಲಿಲ್ಲ. ಯಾಕೆಂದರೆ ನಾನೂ ನೋಡಿದೆ.

ತಲೆಯ ಮೇಲೆ ಫ್ಯಾನು ತಿರುಗುತ್ತಿದ್ದರೂ ಅವಳ ಮೇಲ್ದುಟಿಯಲ್ಲಿ ಬೆವರು ಸಾಲುಗಟ್ಟಿತ್ತು, ರವಿಕೆ ತೊಯ್ದು ಬೆನ್ನಿಗೆ ಅಂಟಿತ್ತು. ಕಣ್ಣು ಪಾಸ್ಟರರ ಕಡೆಗಿರಲಿಲ್ಲ, ಎಲ್ಲಿಯೂ ಇರಲಿಲ್ಲ. ಬೆರಳುಗಳು ಸೆರಗಿನ ಅಂಚನ್ನು ಕೀಳುತ್ತ ಏನನ್ನೋ ಹುಡುಕುತ್ತಿದ್ದವು. ಆ ಬೆವರಿನ ಗುರುತು ನನಗಿತ್ತು. ಇನ್ಸುಲಿನ್ ತೆಗೆದುಕೊಂಡು ಊಟ ತಡವಾದ ದಿನ ನನ್ನ ಯಜಮಾನರು ಇದೇ ಥರ ಬೆವೆತು, ಚಮಚ ಕೈಯಲ್ಲಿ ಹಿಡಿದು, ಇದು ಯಾರ ಮನೆ ಎಂದು ನನ್ನನ್ನೇ ಕೇಳುತ್ತಿದ್ದರು. ಸಕ್ಕರೆ ಇಳಿದುಹೋಗಿದೆ, ಇನ್ನು ಸ್ವಲ್ಪ ಬಿಟ್ಟರೆ ಇವಳು ಬೀಳುತ್ತಾಳೆ, ಬಿದ್ದವಳು ಏಳದೆಯೂ ಇರಬಹುದು.

ಪಾಸ್ಟರು ಅದೇ ವಾಕ್ಯ ಇನ್ನೊಮ್ಮೆ ಹೇಳಿದರು. ಭುಜ ಏರಿತು. ನಾನು ಮೈಕನ್ನು ನೆಲದ ಮೇಲಿಟ್ಟು ವೇದಿಕೆ ಇಳಿದೆ.

ಅಷ್ಟರಲ್ಲಿ ನಾಲ್ಕಾರು ಹೆಂಗಸರು ಅವಳ ತಲೆಯ ಮೇಲೆ ಕೈಯಿಟ್ಟು ಹಲ್ಲೆಲೂಯಾ ಶುರು ಮಾಡಿದ್ದರು. ಅವರನ್ನು ಸರಿಸಿ, ಅವಳನ್ನು ಕೂರಿಸಿ, ತಿಂಡಿ ತಿಂದಿದ್ದೀಯಾ ಎಂದು ಕೂಗಿ ಕೇಳಿದೆ. ಉತ್ತರವಿಲ್ಲ. ಅವಳ ಚೀಲ ತೆರೆದೆ. ಒಳಗೆ ಇನ್ಸುಲಿನ್ ಪೆನ್ನು. ಅದರ ಪಕ್ಕದಲ್ಲಿ ಪೇಪರಿನಲ್ಲಿ ಸುತ್ತಿದ ಪೊಟ್ಟಣ, ಸುತ್ತಿದ ಹಾಗೆಯೇ ಇತ್ತು. ಹರಿದರೆ ಬಿಸ್ಕತ್ತು. ನಿಜವಾಗಿಯೂ ಬರೀ ಬಿಸ್ಕತ್ತು. ಅದನ್ನು ಅಗಿಯುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಸಿಹಿನೀರು ಬೇಕಿತ್ತು, ಆ ಕ್ಷಣದಲ್ಲೇ ಬೇಕಿತ್ತು. ಅಡುಗೆಕೋಣೆ ದೇವಾಲಯದ ಹಿಂದೆ, ತುಂಬಿದ ಜನರ ಆಚೆ. ಮೇಜು ಕೈಗೆಟುಕುವಷ್ಟು ಹತ್ತಿರದಲ್ಲಿತ್ತು.

ಬಿಳಿ ಬಟ್ಟೆ ತೆಗೆದೆ. ಸಭೆಯಲ್ಲಿ ಒಂದು ಉದ್ಗಾರ ಎದ್ದಿತು. ಹಿರಿಯರು ಓಡಿ ಬಂದು ತಟ್ಟೆಯ ಇನ್ನೊಂದು ಅಂಚು ಹಿಡಿದರು.

"ಅಕ್ಕಾರ, ಅದನ್ನ ಮುಟ್ಟಬ್ಯಾಡ್ರಿ! ಆಕಿ ನಮ್ಮ ಸಭಾದಾಕಿ ಅಲ್ಲ. ಇನ್ನೂ ಪ್ರಾರ್ಥನಾ ಸುದ್ದಾ ಆಗಿಲ್ಲಂಡಿ!"

"ಆಗಿಲ್ಲಲ್ಲ? ಹಂಗಾರ ಇನ್ನೂ ಅದು ನಿಮ್ಮ ಮನಿಯವರು ಮಾಡಿದ ಸಕ್ರಿ ನೀರು. ಬಿಡ್ರಿ!"

ಅವರು ಬಿಡಲಿಲ್ಲ. ಆಗ ಪಾಸ್ಟರು ವೇದಿಕೆ ಇಳಿದು ಬಂದರು. ಈಗ ಇದನ್ನೊಂದು ಅದ್ಭುತ ಮಾಡಿ ಕೂಗುತ್ತಾರೆ ಎಂದು ನಾನು ಹಲ್ಲು ಕಚ್ಚಿದೆ. ಅವರು ಹಿರಿಯರ ಕೈಯನ್ನು ಮೆಲ್ಲಗೆ ತಟ್ಟೆಯಿಂದ ಬಿಡಿಸಿ, ಅದನ್ನು ತಾವೇ ಹಿಡಿದು, ನನ್ನ ಪಕ್ಕದಲ್ಲಿ ನೆಲದ ಮೇಲೆ ಮಂಡಿಯೂರಿದರು. ಮೊದಲ ಲೋಟ ಎತ್ತಿ ನನ್ನ ಕೈಗೆ ಕೊಟ್ಟರು.

ಮೊದಲು ತುಟಿ ಒದ್ದೆ ಮಾಡಿದೆ. "ಮಿಂಗಮ್ಮಾ," ನುಂಗಮ್ಮಾ ಎಂದೆ. ನುಂಗಿದಳು. ಗಂಟಲಿಗೆ ಸಿಕ್ಕಿಕೊಳ್ಳುವುದಿಲ್ಲ ಎಂದು ಖಾತ್ರಿಯಾದ ಮೇಲೆ ಇನ್ನೊಂದು, ಮತ್ತೊಂದು. ಪುಟ್ಟ ಲೋಟಗಳು, ಒಂದೊಂದರಲ್ಲೂ ಒಂದೇ ಗುಟುಕು. ಪಾಸ್ಟರು ಕೊಡುತ್ತಲೇ ಹೋದರು, ಖಾಲಿಯಾದದ್ದನ್ನು ತಿರುಗಿ ತಟ್ಟೆಗೆ ಸೇರಿಸುತ್ತಲೇ ಹೋದರು.

ತಟ್ಟೆ ಅರ್ಧ ಬರಿದಾಗುವ ಹೊತ್ತಿಗೆ ಅವಳ ಕಣ್ಣು ನನ್ನ ಮುಖದ ಮೇಲೆ ನಿಂತಿತು. "ಪ್ರಾರ್ಥನ ಅಯಿಪೋಯಿಂದಾ?" ಪ್ರಾರ್ಥನೆ ಮುಗಿಯಿತಾ ಎಂದು ಕೇಳಿದಳು.

ನಾನು ಅಳಬಾರದೆಂಬ ನಿಯಮ ಮುರಿದದ್ದು ಆಗ.

ಹತ್ತಿರದ ಕ್ಲಿನಿಕ್ಕಿಗೆ ಆಟೋದಲ್ಲಿ ಕರೆದೊಯ್ದೆವು. ಬಿಸ್ಕತ್ತು ತಿನ್ನಿಸಿದೆ, ಆಮೇಲೆ ಇಡ್ಲಿ. ಡಾಕ್ಟರು ಸಕ್ಕರೆ ಪರೀಕ್ಷಿಸಿ, ಅದು ಮೇಲೆ ಬರುತ್ತಿದೆ ಎಂದು ತಿಳಿದ ಮೇಲೆ ಬೈಯಲು ಶುರು ಮಾಡಿದರು. ಬೆಳಿಗ್ಗೆ ಎದ್ದು, ಯಾವ ಕಾರಣಕ್ಕೂ ತಪ್ಪಿಸಬೇಡ ಎಂದು ಆಸ್ಪತ್ರೆಯವರು ಹೇಳಿದ್ದ ಇನ್ಸುಲಿನ್ನನ್ನು ಅವಳು ತಪ್ಪಿಸದೆ ಚುಚ್ಚಿಕೊಂಡಿದ್ದಳು. ಹೊಟ್ಟೆಗೆ ಮಾತ್ರ ಏನೂ ಹಾಕಿರಲಿಲ್ಲ.

"ಸೂದಿ ತಿಂಡಿ ಕಾದು ಗದಮ್ಮಾ?" ಎಂದಳು ನನಗೆ. ಸೂಜಿ ತಿಂಡಿಯಲ್ಲವಲ್ಲ, ಅದರಿಂದ ಉಪವಾಸ ಮುರಿಯುವುದಿಲ್ಲವಲ್ಲ ಎಂದು. ಡಾಕ್ಟರ ಮಾತನ್ನೂ ದೇವರ ಹರಕೆಯನ್ನೂ ಎರಡನ್ನೂ ಪಾಲಿಸಿದ್ದಳು, ಪಾಪ.

ಉಳಿದದ್ದನ್ನು ಕ್ಲಿನಿಕ್ಕಿನ ಬೆಂಚಿನ ಮೇಲೆ ಹೇಳಿದಳು. ಮನೆ ಗಾಜುವಾಕದಲ್ಲಿ. ಗಂಡ ಕಟ್ಟಡದ ಕೆಲಸಕ್ಕೆಂದು ವಿಜಯವಾಡಕ್ಕೆ ಹೋಗಿದ್ದವನು ಸಾರುವೆಯಿಂದ ಬಿದ್ದು, ಅಲ್ಲೇ ಐಸಿಯುನಲ್ಲಿದ್ದ. ಆಸ್ಪತ್ರೆಯ ಹತ್ತಿರವೇ ನಮ್ಮ ಕೂಟ ನಡೆದಿತ್ತು. ಮೂರೂ ಕೂಟಕ್ಕೆ ಬರುತ್ತೇನೆ, ಮೂರನೆಯದರಲ್ಲಿ ಉಪವಾಸವಿದ್ದು ಮೇಜಿನ ತನಕ ಕಾಯುತ್ತೇನೆ, ಗಂಡನನ್ನು ಉಳಿಸು ಎಂದು ಹರಕೆ ಹೊತ್ತಿದ್ದಳು. ಭಾವನನ್ನು ಆಸ್ಪತ್ರೆಯಲ್ಲಿ ಬಿಟ್ಟು ಬಂದಿದ್ದಳು. ನಾನು ಹಿಡಿದುಹಾಕಬೇಕೆಂದಿದ್ದ ನಾಟಕದ ಹೆಂಗಸು ಇವಳೇ.

ಹೇಳಿ ಮುಗಿಸಿದವಳು ಇದ್ದಕ್ಕಿದ್ದಂತೆ ಬಾಯಿಗೆ ಸೆರಗು ಒತ್ತಿಕೊಂಡಳು. ಹರಕೆ ಮುರಿಯಿತು, ಮೇಜಿಗೆ ಮೊದಲೇ ಕುಡಿದುಬಿಟ್ಟೆ, ಇನ್ನು ಅವರು ಉಳಿಯುವುದಿಲ್ಲ ಎಂದು ಬಿಕ್ಕಿದಳು. ಪಾಸ್ಟರರಿಗೆ ಮಾತು ತಿಳಿಯದಿದ್ದರೂ ಅಳು ತಿಳಿಯಿತು. ಏನಂತೆ ಎಂದು ನನ್ನನ್ನು ಕೇಳಿದರು, ಹೇಳಿದೆ.

"ನನಗ ಅಲ್ಲಿ ದೇವರ ಪ್ರಸನ್ನತಾ ಕಂಡಂಗಾತ್ರಿ, ಅಕ್ಕಾರ."

"ನಿಮಗ ಕಂಡದ್ದು ಬೆವರು," ಎಂದೆ. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಹೌದ್ರಿ. ತಪ್ಪಾತು. ಅದನ್ನೂ ಆಕೀಗೆ ಹೇಳ್ರಿ. ಮತ್ತ, ಉಪವಾಸ ಮುರದಿಲ್ಲ, ಕರ್ತನೇ ತನ್ನ ಮೇಜಿನಿಂದ ಮೊದಲ ಆಕೀಗೆ ಕೊಟ್ಟಾನ ಅಂತ ಹೇಳ್ರಿ."

ಎರಡನ್ನೂ ಹೇಳಿದೆ. ಸೇರಿಸಲಿಲ್ಲ, ಬಿಡಲಿಲ್ಲ. ಅವಳು ಅಳು ನಿಲ್ಲಿಸಿ ಕೇಳಿಸಿಕೊಂಡಳು, ಆದರೆ ನಂಬಿದಂತೆ ಕಾಣಲಿಲ್ಲ.

ಅವಳು ಅವತ್ತೇ ವಿಜಯವಾಡಕ್ಕೆ ಮರಳಬೇಕಿತ್ತು. ಒಬ್ಬಳನ್ನೇ ಕಳಿಸಲು ನನಗೆ ಧೈರ್ಯ ಬರಲಿಲ್ಲ. ನಾನೂ ಹೋಗುತ್ತೇನೆ ಎಂದಾಗ ಹಿರಿಯರು ಗಾಬರಿಯಾದರು. ಸಭೆ ಇನ್ನೂ ಕಾದು ಕೂತಿತ್ತು, ಅವರ ಹೆಂಡತಿ ಎರಡನೆಯ ಸಲ ದ್ರಾಕ್ಷಿ ಕುದಿಸುತ್ತಿದ್ದರು.

"ಉಳಿದದ್ದು ಯಾರ್ ಅನುವಾದ ಮಾಡೋದಂಡಿ?"

"ನೀವ ಮಾಡ್ರಿ. ಬಾಯಿ ನೋಡಬ್ಯಾಡ್ರಿ, ಭುಜಾ ನೋಡ್ರಿ ಸಾಕು."

ರಾತ್ರಿಯ ಹೊತ್ತಿಗೆ ಆಸ್ಪತ್ರೆ ತಲುಪಿದೆವು. ನನ್ನ ಯಜಮಾನರಿದ್ದದ್ದು ಬೇರೆ ಆಸ್ಪತ್ರೆ, ಆದರೆ ಐಸಿಯು ಹೊರಗಿನ ಸ್ಟೀಲ್ ಕುರ್ಚಿಗಳು ಎಲ್ಲೆಡೆ ಒಂದೇ. ಭಾವ ಎದ್ದು ಬಂದು, ಹಾಗೇ ಇದ್ದಾನೆ, ಇವತ್ತೂ ಕಣ್ಣು ಬಿಟ್ಟಿಲ್ಲ ಎಂದು ಹೇಳಿ ಚಹಾ ಕುಡಿಯಲು ಹೋದ. ಅವಳು ಕೂತಳು. ನಾನು ಚೀಲ ಹೆಗಲಲ್ಲಿ ಇಟ್ಟುಕೊಂಡೇ ನಿಂತಿದ್ದೆ. ಪಟಮಟದ ಬಸ್ಸಿಗೆ ಹೊತ್ತಾಗಿತ್ತು.

ಅವಳು ತಲೆಯೆತ್ತಿ ಕೇಳಿದಳು. "ಅದಿ ಅಯ್ಯಗಾರಿ ಮಾಟ. ಮೀರೇಮಂಟಾರಮ್ಮಾ?"

ಅದು ಪಾಸ್ಟರರ ಮಾತು, ನೀವು ಏನಂತೀರಿ? ಇಷ್ಟು ವರ್ಷದಲ್ಲಿ ಅನುವಾದ ಮಾಡುವವಳನ್ನು ಹಾಗೆಂದು ಯಾರೂ ಕೇಳಿರಲಿಲ್ಲ. ಅವಳ ಗಂಡ ಉಳಿಯುತ್ತಾನೆಂದು ಹೇಳಲಾರೆ. ನಾನು ಇಂಥದೇ ಕುರ್ಚಿಯಲ್ಲಿದ್ದಾಗ ನನ್ನ ಪಕ್ಕದಲ್ಲಿ ಯಾರೂ ಇರಲಿಲ್ಲವೆಂಬ ದುಃಖ ಆಗಲೂ ಹಾಗೆಯೇ ಇತ್ತು, ಈಗಲೂ ಪೂರ್ತಿ ಹೋಗಿಲ್ಲ. ಆದರೆ ಬೆಳಗಿನಿಂದ ಒಂದು ಮಾತು ನನ್ನನ್ನು ಕಾಡುತ್ತಿತ್ತು. ಅವಳ ಮೇಲೆ ನನಗೆ ಪ್ರೀತಿ ಇರಲಿಲ್ಲ, ಕನಿಕರವೂ ಇರಲಿಲ್ಲ, ಬರೀ ಅನುಮಾನವಿತ್ತು. ಎಲ್ಲರೂ ಕಣ್ಣು ಮುಚ್ಚಿದ್ದಾಗ ಆ ಅನುಮಾನಕ್ಕೆಂದೇ ನಾನೊಬ್ಬಳು ಕಣ್ಣು ತೆರೆದು ಅವಳನ್ನು ನೋಡುತ್ತಿದ್ದೆ. ನನ್ನ ಅನುಮಾನವನ್ನೂ ಯಾರೋ ಕೆಲಸಕ್ಕೆ ಹಚ್ಚಿದ್ದರೇ ಎಂಬ ಹೊಸ ಅನುಮಾನ ಹುಟ್ಟಿತ್ತು, ಅದು ಬಿಡುವಂತೆ ಕಾಣಲಿಲ್ಲ.

"ದೇವುಡು ನೀತೋ ಉನ್ನಾಡಮ್ಮಾ," ಎಂದೆ.

ಎದುರಿಗೆ ಯಾರ ಭುಜವೂ ಏರಿರಲಿಲ್ಲ. ಹೇಳಿದ ಮೇಲೆ ಗಡಿಯಾರದತ್ತ ಹೋಗುತ್ತಿದ್ದ ಕಣ್ಣನ್ನು ತಡೆದು, ಚೀಲವನ್ನು ಕೆಳಗಿಟ್ಟು, ಅವಳ ಪಕ್ಕದ ಕುರ್ಚಿಯಲ್ಲಿ ಕೂತೆ.